ಕಿವಿಗೆ ಬಿದ್ದದ್ದು ಬಾಯಿಗೆ ಬಾರದಂತೆ

ಬೆಳಗಾವಿ ಕ್ಯಾಂಪಿನ ಫಾತಿಮಾ ಕೆಥೆಡ್ರಲ್ ಇರುವ ಧರ್ಮಪ್ರಾಂತ್ಯದ ಭಕ್ತರಲ್ಲಿ ಕನ್ನಡದವರಿದ್ದಾರೆ, ಕೊಂಕಣಿಯವರಿದ್ದಾರೆ, ಮರಾಠಿಯವರೂ ಇದ್ದಾರೆ. ಖಾನಾಪುರ ದಾಟಿ ಗೋವಾ ಗಡಿಯತ್ತ ಹೋದರೆ ಮಾತು ಇನ್ನಷ್ಟು ಬೆರೆಯುತ್ತದೆ. ಇಂಥ ಸೀಮೆಯಲ್ಲಿ ಪಾಪಸಂಕೀರ್ತನೆಗೆ, ಅಂದರೆ ಗುರುಗಳ ಮುಂದೆ ತಮ್ಮ ಪಾಪ ಹೇಳಿಕೊಳ್ಳಲು, ಬಂದವರ ಭಾಷೆ ಫಾದರ್‌ಗೆ ತಿಳಿಯದೆ ಹೋದರೆ? ದುಭಾಷಿಯ ಮೂಲಕ ಹೇಳಿಕೊಳ್ಳಬಹುದು ಎನ್ನುತ್ತದೆ ಕ್ಯಾಥೊಲಿಕ್ ಧರ್ಮಸಂಹಿತೆಯ 990ನೇ ವಿಧಿ. ಆ ದುಭಾಷಿಯೂ ಗುಟ್ಟು ಕಾಯಲೇಬೇಕು, ಅಕಸ್ಮಾತ್ ಕಿವಿಗೆ ಬಿದ್ದವರೂ ಕಾಯಬೇಕು ಎನ್ನುತ್ತದೆ 983ನೇ ವಿಧಿ. ಮೂರು ಭಾಷೆಯ ಊರುಗಳಿಗೆಂದೇ ಬರೆದಂತಿದೆ.

ಈ ಕಟ್ಟುಪಾಡು ಮೊದಲಿನಿಂದ ಇದ್ದದ್ದಲ್ಲ. ಆದಿ ಶತಮಾನಗಳಲ್ಲಿ ಘೋರ ಪಾಪಕ್ಕೆ ಪ್ರಾಯಶ್ಚಿತ್ತ ನಾಲ್ಕು ಜನರೆದುರೇ ನಡೆಯುತ್ತಿತ್ತು. ಕೆಲವೆಡೆ ತಪ್ಪುಗಳ ಪಟ್ಟಿಯನ್ನು ಬರೆಸಿ ಸಭೆಯಲ್ಲಿ ಓದಿಸುತ್ತಿದ್ದರು. 459ರಲ್ಲಿ ಪೋಪ್ ಮೊದಲನೇ ಲಿಯೋ ಇದನ್ನು ನಿಷೇಧಿಸಿದರು. ನಾಚಿಕೆಗೋ ವೈರಿಗಳ ಭಯಕ್ಕೋ ಜನ ಪ್ರಾಯಶ್ಚಿತ್ತದಿಂದಲೇ ದೂರ ಉಳಿದಾರು ಎಂಬುದು ಅವರ ಕಾರಣ. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮಾನವೀಯವಾಗಿ ಕಾಣುವುದು ಇದೇ. ಗುಟ್ಟು ಹುಟ್ಟಿದ್ದು ಗುರುಗಳ ಅಧಿಕಾರ ಹೆಚ್ಚಿಸಲಿಕ್ಕಲ್ಲ, ಹೇಳಿಕೊಳ್ಳುವವರ ಮಾನ ಕಾಯಲಿಕ್ಕೆ.

ಮುಂದೆ ಐರ್ಲೆಂಡಿನ ಸನ್ಯಾಸಿಗಳು ಒಬ್ಬರ ಮುಂದೆ ಒಬ್ಬರು ಕೂತು ಹೇಳಿಕೊಳ್ಳುವ ರೂಢಿಯನ್ನು ಯುರೋಪಿನಲ್ಲಿ ಹಬ್ಬಿಸಿದರು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪಸಂಕೀರ್ತನೆ ಮಾಡಬೇಕೆಂದಿತು. ಕೇಳಿದ್ದನ್ನು ಹೊರಗೆಡವಿದ ಗುರುವಿಗೆ ಪದಚ್ಯುತಿ, ಜೊತೆಗೆ ಮಠವೊಂದರಲ್ಲಿ ಜೀವಮಾನದ ಪ್ರಾಯಶ್ಚಿತ್ತವನ್ನೂ ಅದೇ ಸಭೆ ವಿಧಿಸಿತು. ನಡುವೆ ಜಾಲರಿಯಿರುವ ಮರದ ಗೂಡು ಬಂದದ್ದು ಹದಿನಾರನೇ ಶತಮಾನದಲ್ಲಿ, ಮಿಲಾನಿನ ಚಾರ್ಲ್ಸ್ ಬೊರೊಮಿಯೊ ಅವರ ಕಾಲಕ್ಕೆ.

ನಮ್ಮ ಕಡೆಗೆ ಪಾಪಸಂಕೀರ್ತನೆ ಬಂದದ್ದು ಗೋವಾದ ಹಾದಿಯಲ್ಲಿ. ಜನರ ಭಾಷೆ ಬಾರದೆ ಅವರ ಒಳಗುದಿ ಕೇಳುವುದು ಹೇಗೆ? 1579ರಲ್ಲಿ ಗೋವಾಕ್ಕೆ ಬಂದ ಜೆಸ್ಯುಟ್ ಥಾಮಸ್ ಸ್ಟೀಫನ್ಸ್ ಕೊಂಕಣಿ ಕಲಿತು ಅದರ ವ್ಯಾಕರಣವನ್ನೇ ಬರೆದರು. ಅದು 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಬಹುಕಾಲದ ನಂತರ, 1953ರಲ್ಲಿ, ಗೋವಾ ಮತ್ತು ಪುಣೆಯ ಭಾಗಗಳನ್ನು ಬೇರ್ಪಡಿಸಿ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾಯಿತು. ಮೈಕಲ್ ರೊಡ್ರಿಗಸ್ ಅದರ ಮೊದಲ ಬಿಷಪ್.

ಚಿಕ್ಕ ಊರಿನಲ್ಲಿ ಬಾಯಿ ಬಿಡದಿರುವುದಷ್ಟೇ ಸಾಲದು. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ತಿಳಿದಿರುವ ಫಾದರೇ ಶಾಲೆಯ ಆಡಳಿತ ನೋಡುತ್ತಿರಬಹುದು, ಜಗಳ ಬಿಡಿಸಲು ಕೂರಬಹುದು. ಆದ್ದರಿಂದ 984ನೇ ವಿಧಿ ಇನ್ನೂ ಒಳಗೆ ಇಳಿಯುತ್ತದೆ: ಗುಟ್ಟು ಬಯಲಾಗುವ ಅಪಾಯ ಇಲ್ಲದಿದ್ದರೂ, ಕೇಳಿದ್ದನ್ನು ಹೇಳಿಕೊಂಡವರಿಗೆ ತೊಂದರೆಯಾಗುವಂತೆ ಬಳಸಕೂಡದು, ಅಧಿಕಾರದಲ್ಲಿರುವವರು ಅದನ್ನು ಆಡಳಿತಕ್ಕೆ ತರಲೇಕೂಡದು. ಗೊತ್ತಿದ್ದೂ ಗೊತ್ತಿಲ್ಲದವರಂತೆ ಬದುಕುವ ಈ ಕಷ್ಟವೇ ನಂಬಿಕೆಯ ತಿರುಳು.

ಆ ನಂಬಿಕೆ ಒಡೆದಾಗ ಆಗುವ ಗಾಯ ಸಣ್ಣದಲ್ಲ. ಹೇಳಿಕೊಂಡದ್ದನ್ನೇ ಹಿಡಿದು ಮಹಿಳೆಯೊಬ್ಬರನ್ನು ಶೋಷಿಸಿದರೆಂಬ ಆರೋಪ 2018ರಲ್ಲಿ ಕೇರಳದ ಆರ್ಥೊಡಾಕ್ಸ್ ಪಾದ್ರಿಗಳ ಮೇಲೆ ಬಂದಾಗ, ಈ ಪದ್ಧತಿಯನ್ನೇ ರದ್ದು ಮಾಡಿ ಎಂದು ರಾಷ್ಟ್ರೀಯ ಮಹಿಳಾ ಆಯೋಗ ಶಿಫಾರಸು ಮಾಡಿತು. ರದ್ದತಿಯನ್ನು ನಾನು ಒಪ್ಪಲಾರೆ, ಆದರೆ ಆ ಸಿಟ್ಟು ನ್ಯಾಯವಾದದ್ದು. ಪಾಪಸಂಕೀರ್ತನೆಯ ನೆಪದಲ್ಲಿ ಕಾಮಕ್ಕೆ ಸೆಳೆಯುವುದು ಚರ್ಚಿನ ಕಾನೂನಿನಲ್ಲೂ ಅಪರಾಧ. 2021ರ ತಿದ್ದುಪಡಿಯಲ್ಲಿ, ಅಲ್ಲಿ ಆಡಿದ ಮಾತನ್ನು ಯಂತ್ರದಲ್ಲಿ ದಾಖಲಿಸುವವರಿಗೂ ದುರುದ್ದೇಶದಿಂದ ಹಂಚುವವರಿಗೂ ಶಿಕ್ಷೆ ಗೊತ್ತುಮಾಡಲಾಗಿದೆ.

ದೇಶದ ಕಾನೂನು ಬೇರೆಯೇ ದಾರಿಯಲ್ಲಿದೆ. 1872ರ ಸಾಕ್ಷ್ಯ ಕಾಯ್ದೆ ವಕೀಲ-ಕಕ್ಷಿದಾರರ ಮಾತಿಗೆ ರಕ್ಷಣೆ ಕೊಟ್ಟಿತು, ಗುರು-ಭಕ್ತರ ಮಾತಿಗೆ ಕೊಡಲಿಲ್ಲ. 2023ರ ಹೊಸ ಅಧಿನಿಯಮವೂ ಹಾಗೆಯೇ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದವರು ಪೊಲೀಸರಿಗೆ ಹೇಳಲೇಬೇಕೆನ್ನುವ 2012ರ ಪೋಕ್ಸೊ ಕಾಯ್ದೆಯಲ್ಲಿ ಗುರುಗಳಿಗೆ ವಿನಾಯಿತಿಯಿಲ್ಲ.

ಗೂಡಿನ ಹೊರಗೆ ನಡೆಯುವ ಆಪ್ತ ಮಾರ್ಗದರ್ಶನ ಇನ್ನೊಂದು ಬಗೆ. ಸಿಸ್ಟರ್‌ಗಳೂ ಗೃಹಸ್ಥರೂ ಅದನ್ನು ಕೊಡುತ್ತಾರೆ. ಅದಕ್ಕೆ ಸಂಸ್ಕಾರದ ಮುದ್ರೆಯಿಲ್ಲ, ಕೇಳುವವರ ಶೀಲವೇ ಆಧಾರ. ಹಾಗಾಗಿ, ಏನನ್ನು ನನ್ನಲ್ಲೇ ಇಟ್ಟುಕೊಳ್ಳುವೆ, ಮಗುವಿಗೋ ಇನ್ನೊಬ್ಬರಿಗೋ ಅಪಾಯವಿದ್ದರೆ ಏನನ್ನು ಹೇಳಲೇಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ತಿಳಿಸಿಬಿಡಬೇಕು. ಹೇಳಿಕೊಳ್ಳಲು ಬಂದವರು ಆಮೇಲೆ ಮಾತು ಶುರುಮಾಡಲಿ.