ಭಾಗಮಂಡಲದ ಮಳೆ: ತಾಮ್ರಕ್ಕೆ ಕವಚ, ಕಬ್ಬಿಣಕ್ಕೆ ಕುತ್ತು

ಭಾಗಮಂಡಲದ ಶ್ರೀ ಭಗಂಡೇಶ್ವರ ದೇವಾಲಯದ ಮೇಲ್ಛಾವಣಿಗೆ ತಾಮ್ರದ ಹೊದಿಕೆಯಿದೆ. 1790ರಲ್ಲಿ ದೊಡ್ಡವೀರರಾಜೇಂದ್ರ ಟಿಪ್ಪುವಿನ ಸೈನ್ಯದಿಂದ ಈ ಸ್ಥಳವನ್ನು ಮರಳಿ ಗೆದ್ದಾಗಲೇ ಇಲ್ಲಿ ತಾಮ್ರದ ಹಂಚುಗಳಿದ್ದವೆಂದು ಕೊಡಗಿನ ಇತಿಹಾಸ ಹೇಳುತ್ತದೆ. ಅದೇ ಮಳೆಯಲ್ಲಿ ನೆನೆಯುವ ಸುತ್ತಲಿನ ಮನೆ, ಕೊಟ್ಟಿಗೆಗಳ ತಗಡಿನ ಮಾಡಿಗೆ ಅಷ್ಟು ಬಾಳಿಕೆ ಇಲ್ಲ. ಇದಕ್ಕೆ ಕಾರಣ ಲೋಹದ ಗುಣ ಮತ್ತು ಪರಿಸರಗಳ ನಡುವಣ ಸಂಬಂಧ.

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಇದಕ್ಕೆ ಸುರಿಮಳೆಯೇ ಆಗಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 60 ದಾಟಿದರೆ ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಮೂಡಿ ತುಕ್ಕು ಚುರುಕುಗೊಳ್ಳುತ್ತದೆ. ಆದ್ದರಿಂದ ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಲೋಹ ಎಷ್ಟು ಕಾಲ ಒದ್ದೆಯಾಗಿತ್ತು ಎಂಬುದೇ ಮುಖ್ಯ. ಬ್ರಹ್ಮಗಿರಿಯ ತಪ್ಪಲಿನ ಭಾಗಮಂಡಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನಿಂತರೂ ಮಂಜು ಬಿಡುವುದಿಲ್ಲ.

ಒಣಗದ ಸತು

ಕಬ್ಬಿಣದ ತಗಡಿಗೆ ಬಳಿದ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತುವಿಗೂ ಒಂದು ರಕ್ಷಾಪದರವಿದೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ತಗಲುತ್ತ, ತಗಡು ಆಗಾಗ ಒಣಗುತ್ತಿದ್ದರೆ ಮಾತ್ರ ಅದು ಗಟ್ಟಿಗೊಳ್ಳುತ್ತದೆ. ತಿಂಗಳುಗಟ್ಟಲೆ ಒದ್ದೆಯಾಗಿದ್ದರೆ ಬಿಳಿ ತುಕ್ಕು ಏಳುತ್ತದೆ. ಮಳೆ ತೊಳೆಯುವ ಮೇಲ್ಮೈಗಿಂತ ತಗಡುಗಳ ಜೋಡಣೆಯ ಸಂದು, ಮೊಳೆಯ ತೂತು, ಎಲೆ ಕೊಳೆತು ನಿಂತ ಅಂಚು ಬೇಗ ಹಾಳಾಗುವುದು ಇದರಿಂದಲೇ. ತಾಮ್ರ ಹಾಗಲ್ಲ. ಅದರ ಮೇಲೆ ಮೊದಲು ಕಂದು, ಕ್ರಮೇಣ ಹಸಿರು ಪದರ ಮೂಡಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಉಪ್ಪು, ಗೊಬ್ಬರ

ಕಡಲ ಗಾಳಿಯ ಉಪ್ಪು ಮಂಗಳೂರಿನಂಥ ಕರಾವಳಿಯ ಲೋಹಕ್ಕೆ ದೊಡ್ಡ ಶತ್ರು. ಕಾರ್ಖಾನೆಗಳ ಗಂಧಕದ ಹೊಗೆಯೂ ಹಾಗೆಯೇ. ಭಾಗಮಂಡಲಕ್ಕೆ ಇವೆರಡರ ಕಾಟ ಕಡಿಮೆ. ಆದರೆ ಕಾಫಿ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್. ಅದು ತೇವ ಹೀರಿ ನೀರಾದರೆ, ಕಡಲಿನ ಉಪ್ಪು ಮಾಡುವ ಕೆಲಸವನ್ನೇ ಗೋದಾಮಿನೊಳಗೆ ಮಾಡುತ್ತದೆ.

ಮಾಡಬೇಕಾದುದೇನು?

ಬಣ್ಣ ಬಳಿಯುವ ಕೆಲಸ ಬೇಸಿಗೆಯಲ್ಲಿ, ಲೋಹ ಪೂರ್ಣ ಒಣಗಿದಾಗಲೇ ಮುಗಿಯಬೇಕು. ಮೊದಲು ತುಕ್ಕನ್ನು ಉಜ್ಜಿ ತೆಗೆಯಬೇಕು. ತಗಡಿನ ಅಡಿಭಾಗವನ್ನೂ ಬಿಡಬಾರದು. ಮಾಡಿನ ಎಲೆಗಳನ್ನು ಮಳೆಗೆ ಮುನ್ನ ಗುಡಿಸಬೇಕು. ಗೊಬ್ಬರದ ಚೀಲಗಳನ್ನು ತಗಡು, ಕಂಬಗಳಿಂದ ದೂರವಿಡಬೇಕು. ತಾಮ್ರದ ಮೇಲಿಂದ ಇಳಿಯುವ ನೀರು ಸತು ಲೇಪಿತ ತಗಡಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಆ ನೀರಿನಲ್ಲಿರುವ ತಾಮ್ರದ ಅಂಶ ಸತುವನ್ನು ಬೇಗ ತಿಂದುಹಾಕುತ್ತದೆ. ತಾಮ್ರದ ಹಾಳೆಗೆ ಕಬ್ಬಿಣದ ಮೊಳೆ ಹೊಡೆಯುವುದೂ ತಪ್ಪು. ಎರಡು ಲೋಹಗಳು ಒದ್ದೆಯಲ್ಲಿ ಕೂಡಿದಾಗ ಸವೆಯುವುದು ಕಬ್ಬಿಣವೇ.

ಮಳೆಯನ್ನು ತಡೆಯಲಾಗದು. ಆದರೆ ನೀರು ನಿಲ್ಲದಂತೆ, ಲೋಹ ಬೇಗ ಒಣಗುವಂತೆ ಮಾಡು ಕಟ್ಟಿದರೆ ತಗಡಿನ ಆಯುಷ್ಯ ಖಂಡಿತ ಹೆಚ್ಚುತ್ತದೆ.