ಕಳವಳವೂ ಖಿನ್ನತೆಯೂ

ಕಾವ್ಯಮೀಮಾಂಸೆಯ ಪಾಠದಲ್ಲಿ ಸಂಚಾರಿಭಾವಗಳ ಪಟ್ಟಿ ವಿದ್ಯಾರ್ಥಿಗಳಿಗೆ ಅಷ್ಟೇನೂ ಪ್ರಿಯವಾದ ಭಾಗವಲ್ಲ. ನಿರ್ವೇದ, ಗ್ಲಾನಿ, ಶಂಕೆ ಎಂದು ಮೊದಲಾಗುವ 33 ಹೆಸರುಗಳನ್ನು ಕಂಠಪಾಠ ಮಾಡಿ ಪರೀಕ್ಷೆಯ ಮರುದಿನ ಮರೆತುಬಿಡುವುದು ವಾಡಿಕೆ. ಎರಡು ವರ್ಷಗಳ ಹಿಂದೆ ಆ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಮುಗಿಸಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಶಂಕೆ, ಚಿಂತೆ, ದೈನ್ಯ, ವಿಷಾದ ಎಲ್ಲವೂ ಒಟ್ಟಿಗೇ ಬಂದರೆ ಅದನ್ನು ಏನೆಂದು ಕರೆಯಬೇಕು?” ಎಂದು ಕೇಳಿದ. “ಪರೀಕ್ಷೆ ಎಂದು ಕರೆಯಬೇಕಪ್ಪ” ಎಂದೆ. ತರಗತಿ ನಕ್ಕಿತು. ಅವನು ಸುಮ್ಮನೆ ಕುಳಿತುಕೊಂಡ. ಆ ನಗೆಯ ನೆನಪು ನನಗೆ ಇಂದಿಗೂ ಹಿತವಾದುದಲ್ಲ.

ಮುಂದಿನ ತಿಂಗಳು ಅವನ ಹಾಜರಿ ಇಳಿಯುತ್ತ ಬಂತು. ಆ ಪಟ್ಟಿಯಲ್ಲಿ ಆಲಸ್ಯವೂ ಒಂದಷ್ಟೆ; ಮನಸ್ಸಿನಲ್ಲಿಯೇ ಅದನ್ನು ಅವನ ಹೆಸರಿಗೆ ಬರೆದುಕೊಂಡೆ. ಒಂದು ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅವನೊಬ್ಬನೇ ಕುಳಿತಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಬೆಳಕು ಹರಿಯುವುದನ್ನೇ ಕಾದು ಅಲ್ಲಿಗೆ ಬಂದಿದ್ದನಂತೆ. ಕೇಳಿದ ಮೇಲೆ ಒಂದೊಂದಾಗಿ ಹೇಳಿದ. ಮೊದಲು ಪರೀಕ್ಷೆಯ ದಿಗಿಲು. ಅದು ಬೆಳೆದು ಮನೆಯ ಸಾಲದ ದಿಗಿಲು. ಕಡೆಗೆ ಇಂಥದ್ದೆಂದು ಹೇಳಲಾಗದ ದಿಗಿಲು. ದಿಗಿಲಿನಿಂದ ನಿದ್ದೆ ಹೋಯಿತು. ನಿದ್ದೆ ಹೋದುದರಿಂದ ಓದಿದ ಪುಟ ತಲೆಗೆ ಹತ್ತದಾಯಿತು. ಹತ್ತದಾದಾಗ ತಾನು ಯಾತಕ್ಕೂ ಬಾರದವನೆಂಬ ಭಾವ ಬಲಿಯಿತು. ಮೆಚ್ಚಿನ ಕ್ರಿಕೆಟ್ ಆಟವೂ ಸಪ್ಪೆಯಾಯಿತು. ಹಾಸಿಗೆ ಬಿಟ್ಟು ಏಳಲಾಗದೆ ತರಗತಿ ತಪ್ಪಿತು. ತಪ್ಪಿದ ತರಗತಿಯಿಂದ ಮತ್ತೆ ದಿಗಿಲು.

ಈ ಕಥೆಯ ಪೂರ್ವಾರ್ಧವನ್ನು ವೈದ್ಯರು ಆತಂಕವೆಂದೂ ಉತ್ತರಾರ್ಧವನ್ನು ಖಿನ್ನತೆಯೆಂದೂ ಕರೆಯುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಖಿನ್ನತೆಗೆ 9 ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲಿ ಐದಾದರೂ ಎರಡು ವಾರ ಇರಬೇಕು. ಬಿಡದೆ ಕಾಡುವ ಆತಂಕಕ್ಕೆ ಹತೋಟಿಗೆ ಬಾರದ ಚಿಂತೆಯ ಜೊತೆಗೆ 6 ಲಕ್ಷಣಗಳುಂಟು. ಮೂರಾದರೂ ಆರು ತಿಂಗಳು ಇರಬೇಕು. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಿದ್ದೆಗೇಡು, ದಣಿವು, ಮನಸ್ಸು ಒಂದೆಡೆ ನಿಲ್ಲದಿರುವುದು, ಇವು ಎರಡರಲ್ಲಿಯೂ ಇವೆ. ಒಬ್ಬನಲ್ಲಿಯೇ ಎರಡು ವ್ಯಾಧಿಗಳೂ ಕೂಡಿಬರುವುದು ಅಪರೂಪವೇನೂ ಅಲ್ಲ. ಹೀಗೇಕೆ?

ಇದಕ್ಕೆ ಹಳೆಯ ಉತ್ತರವೊಂದುಂಟು. ಅದಕ್ಕೂ ನಮ್ಮೂರಿಗೂ ನಂಟಿದೆ. 1924ರಲ್ಲಿ ಇಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರು. (1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದವರೆಂದೇ ಊರು ಅವರನ್ನು ಹೆಚ್ಚಾಗಿ ನೆನೆಯುತ್ತದೆ, ಮನಶ್ಶಾಸ್ತ್ರಜ್ಞರಿಗೆ ಆ ಭಾಗ್ಯವೆಲ್ಲಿ!) ಒಂದು ವಿಷಯದಲ್ಲಿ ಮುಂದಿರುವ ವಿದ್ಯಾರ್ಥಿ ಇತರ ವಿಷಯಗಳಲ್ಲಿಯೂ ಮುಂದಿರುವುದನ್ನು ಲೆಕ್ಕಹಾಕಿ, ಎಲ್ಲದರ ಹಿಂದೆ ಕಾಣದ ಸಾಮಾನ್ಯ ಶಕ್ತಿಯೊಂದಿದೆಯೆಂದು ಸ್ಪಿಯರ್‌ಮನ್ 1904ರಲ್ಲಿ ವಾದಿಸಿದರು. ಅದೇ ತರ್ಕವನ್ನು ವ್ಯಾಧಿಗೆ ಹಚ್ಚಿದರೆ, ಲಕ್ಷಣಗಳೆಲ್ಲ ಒಳಗಿನ ಒಂದು ಬೇರಿನ ಹೊರಚಿಗುರುಗಳು. ಅವು ಪರಸ್ಪರ ಏನನ್ನೂ ಮಾಡವು.

2010ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಆಂಜೆಲಿಕ್ ಕ್ರಾಮರ್, ಡೆನ್ನಿ ಬೋರ್ಸ್‌ಬೂಮ್ ಮೊದಲಾದವರು ಇದನ್ನು ಪ್ರಶ್ನಿಸಿದರು. ಲಕ್ಷಣಗಳು ಕೇವಲ ಗುರುತುಗಳಲ್ಲ, ಒಂದು ಇನ್ನೊಂದನ್ನು ಹುಟ್ಟಿಸುತ್ತದೆ. ಎರಡು ವ್ಯಾಧಿಗಳಿಗೂ ಸಮಾನವಾದ ನಿದ್ದೆಗೇಡಿನಂಥವು ಸೇತುವೆಗಳಾಗಿ, ಆತಂಕದ ದಡದಿಂದ ಖಿನ್ನತೆಯ ದಡಕ್ಕೆ ಮನುಷ್ಯನನ್ನು ದಾಟಿಸುತ್ತವೆ ಎಂದರು. ಏರಿಯ ಮೇಲೆ ಹುಡುಗ ಹೇಳಿದ್ದೂ ಇದೇ ಅಲ್ಲವೆ? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ನಮ್ಮ ಗಾದೆಗೆ ಈ ಸೇತುವೆಯ ಒಂದು ತುದಿ ಗೊತ್ತು. ಇನ್ನೊಂದು ತುದಿ ಗೊತ್ತಿದ್ದುದು ಭರತನಿಗೆ. ‘ನಾಟ್ಯಶಾಸ್ತ್ರ’ದಲ್ಲಿ ಗ್ಲಾನಿಯ ವಿಭಾವಗಳನ್ನು ಎಣಿಸುವಾಗ ವ್ಯಾಧಿ, ಉಪವಾಸ, ಮನಸ್ತಾಪಗಳ ಸಾಲಿನಲ್ಲಿ ನಿದ್ರಾಚ್ಛೇದವನ್ನೂ ಅವನು ಸೇರಿಸಿದ್ದಾನೆ. ಎಷ್ಟೋ ವರ್ಷ ಈ ಭಾಗವನ್ನು ಪಾಠ ಹೇಳಿದ್ದೆ. ಆ ಪದದ ಮೇಲೆ ನಿಂತಿರಲಿಲ್ಲ. ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತೆಂಬ ಜಂಬಕ್ಕೆ ಇಲ್ಲಿ ಎಡೆಯಿಲ್ಲ. ಭರತನ ಗ್ಲಾನಿ ರಂಗದ ಮೇಲಣ ಭಾವ, ರೋಗವಲ್ಲ; ಅವನು ವೈದ್ಯನೂ ಅಲ್ಲ.

ಹೊಸ ವಾದಕ್ಕೂ ಮಿತಿಯುಂಟು. ಸಾವಿರಾರು ಜನರನ್ನು ವಿಚಾರಿಸಿ ಬರೆದ ಲಕ್ಷಣಗಳ ನಕ್ಷೆ ಯಾವುದಕ್ಕೆ ಯಾವುದು ನಂಟೆಂದು ಹೇಳೀತು. ಈ ಒಬ್ಬ ಹುಡುಗನಲ್ಲಿ ಯಾವುದು ಮೊದಲು ಬಂತೆಂದು ಹೇಳಲಾರದು. ಅದನ್ನು ಅವನನ್ನೇ ಕೇಳಬೇಕು. ಆದರೂ ಸೇತುವೆಯ ಮಾತು ಬರಿಯ ರೂಪಕವಲ್ಲ. ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಬ್ರಿಟನ್ನಿನ 26 ವಿಶ್ವವಿದ್ಯಾನಿಲಯಗಳಲ್ಲಿ ನಿದ್ದೆಗೆಟ್ಟ 3755 ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ನಿದ್ದೆಯ ಚಿಕಿತ್ಸೆಯನ್ನು ಕೊಟ್ಟು, 2017ರಲ್ಲಿ ಫಲವನ್ನು ಪ್ರಕಟಿಸಿದರು. ಚಿಕಿತ್ಸೆ ಪಡೆದವರಲ್ಲಿ ನಿದ್ದೆಯೊಂದೇ ಅಲ್ಲ, ಆತಂಕ ಖಿನ್ನತೆಗಳೂ ಸುಧಾರಿಸಿದುವು.

ಇದಾವುದೂ ಅಂದು ನನಗೆ ತಿಳಿದಿರಲಿಲ್ಲ. ಏರಿಯ ಮೇಲೆಯೇ ಕುಳಿತು, 2022ರಿಂದ ನಡೆಯುತ್ತಿರುವ ‘ಟೆಲಿ ಮಾನಸ್’ ಸಹಾಯವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡಿದೆವು. ಕನ್ನಡದಲ್ಲಿಯೇ ಮಾತನಾಡಿದರು. ಆಮೇಲೆ ಕಂಡ ಮನೋವೈದ್ಯರು ಪರೀಕ್ಷೆಯ ಮಾತನ್ನೇ ಎತ್ತದೆ, ಎಷ್ಟು ಗಂಟೆಗೆ ಮಲಗುತ್ತೀಯೆ, ಎಷ್ಟು ಗಂಟೆಗೆ ಎಚ್ಚರವಾಗುತ್ತದೆ ಎಂದು ಬಹಳ ಹೊತ್ತು ವಿಚಾರಿಸಿದರು. ಔಷಧವನ್ನೂ ಕೊಟ್ಟರು. ಗುಣ ಕಾಣಲು ತಿಂಗಳುಗಳೇ ಹಿಡಿದುವು.

ಅವನು ಆ ವರ್ಷ ಎರಡು ಪತ್ರಿಕೆಗಳನ್ನು ಬರೆಯಲಿಲ್ಲ. ಮರುವರ್ಷ ಬರೆದು ತೇರ್ಗಡೆಯಾದ. ಈಗಲೂ ಒಮ್ಮೊಮ್ಮೆ ನಿದ್ದೆ ಕೆಡುವುದುಂಟಂತೆ. ಮೂರು ರಾತ್ರಿ ಹಾಗಾದರೆ ನಾಲ್ಕನೆಯ ಬೆಳಗ್ಗೆ ವೈದ್ಯರಿಗೆ ಫೋನ್ ಮಾಡುತ್ತಾನೆ.