ಐಸೊಪ್ರೀನ್ ಎಂದರೇನು? ವಿಮಾನದ ಟೈರ್ ಇಂದಿಗೂ ಮರದ ಹಾಲನ್ನೇ ನಂಬಿರುವುದೇಕೆ?

ವಿಮಾನ ರನ್‌ವೇ ಮುಟ್ಟುವವರೆಗೂ ಅದರ ಚಕ್ರಗಳು ಸುಮ್ಮನೆ ನಿಂತಿರುತ್ತವೆ. ನೆಲ ಸೋಕಿದ ಕೂಡಲೇ ಅವು ಗಂಟೆಗೆ 200 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಉರುಳಬೇಕು, ಜತೆಗೆ ಹತ್ತಾರು ಟನ್ ಭಾರವನ್ನೂ ಹೊರಬೇಕು. ಈ ಪೆಟ್ಟು ತಾಳುವ ಟೈರ್‌ಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಾಗುವುದು ಮರದಿಂದ ಇಳಿಸಿದ ನೈಸರ್ಗಿಕ ರಬ್ಬರ್. ಕಚ್ಚಾ ತೈಲದಿಂದಲೇ ಬಗೆಬಗೆಯ ರಬ್ಬರ್ ತಯಾರಾಗುವ ಈ ಕಾಲದಲ್ಲೂ ಮರವೇ ಏಕೆ ಬೇಕು? ಇದಕ್ಕೆ ಉತ್ತರ ಐಸೊಪ್ರೀನ್ ಎಂಬ ಪುಟ್ಟ ಅಣುವಿನಲ್ಲಿದೆ.

ಏನಿದು ಐಸೊಪ್ರೀನ್?

ಇಂಗಾಲ ಮತ್ತು ಜಲಜನಕ ಮಾತ್ರ ಇರುವ ಸಂಯುಕ್ತಗಳಿಗೆ ಹೈಡ್ರೊಕಾರ್ಬನ್ ಎನ್ನುತ್ತಾರೆ. ಐಸೊಪ್ರೀನ್ ಕೂಡ ಅಂಥದ್ದೇ ಒಂದು. ಇದರ ಒಂದು ಅಣುವಿನಲ್ಲಿ ಇಂಗಾಲದ 5 ಮತ್ತು ಜಲಜನಕದ 8 ಪರಮಾಣುಗಳಿವೆ. ಬಣ್ಣವಿಲ್ಲದ, ಬಲುಬೇಗ ಬೆಂಕಿ ಹೊತ್ತಿಕೊಳ್ಳುವ ದ್ರವ ಇದು. ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅಂದರೆ ಚೆನ್ನೈನ ಮೇ ತಿಂಗಳ ಮಧ್ಯಾಹ್ನದಲ್ಲಿ ಒಲೆಯ ಹಂಗಿಲ್ಲದೆ ಕುದಿದು ಆವಿಯಾಗಿಬಿಡುತ್ತದೆ!

ರಬ್ಬರ್‌ನಲ್ಲಿ ಇಂಗಾಲ ಮತ್ತು ಜಲಜನಕ 5ಕ್ಕೆ 8ರ ಪ್ರಮಾಣದಲ್ಲಿವೆ ಎಂಬುದನ್ನು 1826ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡರು. 1860ರಲ್ಲಿ ಬ್ರಿಟಿಷ್ ರಸಾಯನ ವಿಜ್ಞಾನಿ ಗ್ರೆವಿಲ್ ವಿಲಿಯಮ್ಸ್ ರಬ್ಬರನ್ನು ಕಾಯಿಸಿ, ಹೊರಬಂದ ಆವಿಯನ್ನು ತಂಪಾಗಿಸಿ ಈ ದ್ರವವನ್ನು ಬೇರ್ಪಡಿಸಿದರು. ಐಸೊಪ್ರೀನ್ ಎಂದು ಹೆಸರಿಟ್ಟವರೂ ಅವರೇ. ಒಂದು ಮಾತಿನಲ್ಲಿ ಹೇಳುವುದಾದರೆ, ರಬ್ಬರ್ ಎಂಬ ಹಾರದ ಒಂದೊಂದು ಮಣಿಯೇ ಐಸೊಪ್ರೀನ್. ಇಂಥ ಸಾವಿರಾರು ಮಣಿಗಳು ಸೇರಿದರೆ ಒಂದು ರಬ್ಬರ್ ಅಣು.

ಮಣಿ ಒಂದೇ, ಹಾರ ಎರಡು

ಐಸೊಪ್ರೀನ್ ಅಣುವಿನಲ್ಲಿ ನಾಲ್ಕು ಇಂಗಾಲಗಳು ಸಾಲಾಗಿ ನಿಂತಿವೆ. ಐದನೆಯದು ಪಕ್ಕಕ್ಕೆ ಕವಲಿನಂತೆ ಅಂಟಿಕೊಂಡಿದೆ. ಸಾಲಿನ ಎರಡೂ ತುದಿಗಳಲ್ಲಿ ಒಂದೊಂದು ದ್ವಿಬಂಧವಿದೆ. ಅಂದರೆ ಅಲ್ಲಿನ ಎರಡು ಪರಮಾಣುಗಳು ಒಂದು ಕೈಯ ಬದಲು ಎರಡೂ ಕೈ ಹಿಡಿದುಕೊಂಡಿವೆ. ಅಣುಗಳು ಒಂದಕ್ಕೊಂದು ಜೋಡಣೆಯಾಗುವಾಗ ಈ ಬಂಧಗಳು ಬಿಚ್ಚಿಕೊಳ್ಳುತ್ತವೆ. ತುದಿಗಳು ಅಕ್ಕಪಕ್ಕದ ಅಣುಗಳನ್ನು ಹಿಡಿಯುತ್ತವೆ, ನಡುವೆ ಹೊಸದೊಂದು ದ್ವಿಬಂಧ ಮೂಡುತ್ತದೆ.

ಗಮನಿಸಬೇಕಾದ್ದು ಇದನ್ನೇ. ದ್ವಿಬಂಧ ಸುಲಭವಾಗಿ ತಿರುಗುವುದಿಲ್ಲ. ಆದ್ದರಿಂದ ಸರಪಳಿ ಅದರ ಒಂದೇ ಬದಿಯಲ್ಲಿ ಮುಂದುವರಿಯಬಹುದು, ಇಲ್ಲವೇ ಎದುರು ಬದಿಗೆ ದಾಟಬಹುದು. ಮೊದಲನೆಯದು ‘ಸಿಸ್’, ಎರಡನೆಯದು ‘ಟ್ರಾನ್ಸ್’.

ಸಿಸ್ ಸರಪಳಿ ಸೊಟ್ಟಗಿರುವುದರಿಂದ ಉಂಡೆಗಟ್ಟಿದ ನೂಲಿನಂತೆ ಸುರುಳಿಯಾಗಿರುತ್ತದೆ. ಎಳೆದರೆ ನೆಟ್ಟಗಾಗುತ್ತದೆ, ಬಿಟ್ಟರೆ ಮತ್ತೆ ಸುರುಳಿಯಾಗುತ್ತದೆ. ಅದೇ ರಬ್ಬರ್. ಟ್ರಾನ್ಸ್ ಸರಪಳಿಗಳು ನೇರವಾಗಿದ್ದು ಒತ್ತೊತ್ತಾಗಿ ಕೂರುವುದರಿಂದ ವಸ್ತು ಗಟ್ಟಿಯಾಗುತ್ತದೆ. ಅದೇ ಗಟ್ಟಾಪರ್ಚಾ. 19ನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳಿಗೆ ಹೊದಿಸಿದ್ದು ಇದನ್ನೇ. ಇಂದು ರೂಟ್ ಕೆನಾಲ್ ಮಾಡಿಸಿಕೊಂಡ ಅನೇಕರ ಹಲ್ಲಿನೊಳಗೂ ಇದೇ ಇದೆ.

ಗಂಧಕದ ಬೆಸುಗೆ, ಓಝೋನ್‌ನ ಏಟು

ಹಸಿ ರಬ್ಬರ್ ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದಾಗ ಈ ದೋಷ ನೀಗಿತು. ಗಂಧಕವು ಸರಪಳಿಗಳ ನಡುವೆ ಅಲ್ಲಲ್ಲಿ ಸೇತುವೆ ಕಟ್ಟಿ, ಅವು ಜಾರಿಹೋಗದಂತೆ ತಡೆಯುತ್ತದೆ. ಇದಕ್ಕೆ ವಲ್ಕನೈಸೇಶನ್ ಎನ್ನುತ್ತಾರೆ.

ಆದರೆ ಸರಪಳಿಯಲ್ಲಿ ಉಳಿದ ದ್ವಿಬಂಧವೇ ರಬ್ಬರ್‌ನ ದೌರ್ಬಲ್ಯವೂ ಹೌದು. ಗಾಳಿಯಲ್ಲಿರುವ ಓಝೋನ್ ಅಲ್ಲಿಗೇ ಹೊಡೆದು ಸರಪಳಿಯನ್ನು ತುಂಡರಿಸುತ್ತದೆ. ಹೆಚ್ಚು ಓಡಿಸದೆ ನಿಲ್ಲಿಸಿದ ಕಾರಿನ ಟೈರ್‌ಗಳಲ್ಲೂ ಸಣ್ಣ ಬಿರುಕು ಕಾಣಿಸಿಕೊಳ್ಳಲು ಇದು ಒಂದು ಕಾರಣ. ವಿಚಿತ್ರವೆಂದರೆ, ಈ ಓಝೋನ್ ಹುಟ್ಟುವುದರಲ್ಲಿ ಐಸೊಪ್ರೀನ್ ಪಾಲೂ ಇದೆ. ಬಿಸಿಲಿನ ತಾಪ ತಾಳಿಕೊಳ್ಳಲು ಅನೇಕ ಮರಗಳು ಎಲೆಗಳಿಂದ ಐಸೊಪ್ರೀನ್ ಬಿಡುತ್ತವೆ. ವಾಹನಗಳ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳ ಜತೆ ಅದು ಬಿಸಿಲಿನಲ್ಲಿ ಸೇರಿದಾಗ ಓಝೋನ್ ಉಂಟಾಗುತ್ತದೆ. ಹಾಗೆಂದು ಮರವನ್ನು ದೂರುವಂತಿಲ್ಲ. ಹೊಗೆ ಕಡಿಮೆಯಾದರೆ ಓಝೋನ್ ಕೂಡ ಕಡಿಮೆಯಾಗುತ್ತದೆ.

ಕಾರ್ಖಾನೆ ಸೋಲುವುದೆಲ್ಲಿ?

ನಾಫ್ತಾದಿಂದ ಎಥಿಲೀನ್ ತಯಾರಿಸುವಾಗ ಐಸೊಪ್ರೀನ್ ಉಪ ಉತ್ಪನ್ನವಾಗಿ ಸಿಗುತ್ತದೆ. 1950ರ ದಶಕದಲ್ಲಿ ಹೊಸ ವೇಗವರ್ಧಕಗಳು ಬಂದ ಮೇಲೆ ಅದನ್ನು ಸಿಸ್ ರೂಪದಲ್ಲೇ ಪೋಣಿಸುವುದು ಸಾಧ್ಯವಾಯಿತು. ಮರದ ರಬ್ಬರ್‌ನಲ್ಲಿರುವ ಪ್ರೋಟೀನ್‌ಗಳು ಕೆಲವರಿಗೆ ಅಲರ್ಜಿ ತರುತ್ತವೆ. ಅಂಥವರಿಗಾಗಿ ಈ ಕೃತಕ ರಬ್ಬರ್‌ನ ಶಸ್ತ್ರಚಿಕಿತ್ಸಾ ಕೈಗವಸುಗಳಿವೆ.

ಆದರೂ ಕಾರ್ಖಾನೆಯ ಸರಪಳಿಯಲ್ಲಿ ಕೆಲವು ಮಣಿಗಳು ದಿಕ್ಕು ತಪ್ಪಿ ಕೂರುತ್ತವೆ. ಮರದ ಸರಪಳಿ ಹೆಚ್ಚುಕಡಿಮೆ ನೂರಕ್ಕೆ ನೂರು ಸಿಸ್. ಮರ ನೇರವಾಗಿ ಐಸೊಪ್ರೀನ್ ಬಳಸುವುದೂ ಇಲ್ಲ. ಅದರ ಸಂಬಂಧಿಯಾದ ಐಸೊಪೆಂಟೆನೈಲ್ ಪೈರೊಫಾಸ್ಫೇಟ್ ಎಂಬ ಅಣುವನ್ನು ಕಿಣ್ವಗಳ ನೆರವಿನಿಂದ ಒಂದೊಂದಾಗಿ ಜೋಡಿಸುತ್ತದೆ. ಅಷ್ಟು ಕ್ರಮಬದ್ಧವಾಗಿರುವುದರಿಂದಲೇ ಬಲವಾಗಿ ಎಳೆದಾಗ ಸರಪಳಿಗಳು ಸಾಲಾಗಿ ನಿಂತು ಹರಳುಗಟ್ಟುತ್ತವೆ, ಬಿರುಕು ಮುಂದೆ ಹರಿಯದಂತೆ ತಡೆಯುತ್ತವೆ. ವಿಮಾನ ಮತ್ತು ಭಾರೀ ಲಾರಿಗಳ ಟೈರ್‌ಗೆ ಬೇಕಾದ್ದು ಈ ಗುಣವೇ.

ಒಂದೇ ಮರದ ಮೇಲೆ ಭಾರ

ನಮ್ಮ ರಬ್ಬರ್ ಮರದ ತವರು ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಲಂಡನ್‌ಗೆ ಸಾಗಿಸಿದ ಸುಮಾರು 70 ಸಾವಿರ ಬೀಜಗಳಲ್ಲಿ ಮೊಳೆತದ್ದು ಕೆಲವು ಸಾವಿರ ಮಾತ್ರ. ಏಷ್ಯಾದ ತೋಟಗಳ ವಂಶ ಬಹುಪಾಲು ಆ ಸಸಿಗಳದ್ದು. ಅತ್ತ ತವರಿನಲ್ಲೇ ಎಲೆ ಅಂಗಮಾರಿ ರೋಗ ದೊಡ್ಡ ತೋಟಗಳನ್ನು ಏಳಗೊಡಲಿಲ್ಲ. ಹೆನ್ರಿ ಫೋರ್ಡ್ 1928ರಲ್ಲಿ ಅಮೆಜಾನ್‌ನಲ್ಲಿ ಆರಂಭಿಸಿದ ಫೋರ್ಡ್‌ಲ್ಯಾಂಡಿಯಾ ತೋಟವೂ ಈ ರೋಗಕ್ಕೆ ತುತ್ತಾಯಿತು. ಈ ಶಿಲೀಂಧ್ರ ಏಷ್ಯಾಕ್ಕೆ ಬಂದರೆ ಗತಿಯೇನು ಎಂಬ ಭಯ ಇಂದಿಗೂ ಇದೆ.

ಪೂರೈಕೆ ನಿಂತರೆ ಏನಾಗುತ್ತದೆ ಎಂಬುದನ್ನು ಜಗತ್ತು ಒಮ್ಮೆ ಕಂಡಿದೆ. 1942ರಲ್ಲಿ ಜಪಾನ್ ಆಗ್ನೇಯ ಏಷ್ಯಾವನ್ನು ಹಿಡಿದಾಗ ಅಮೆರಿಕಕ್ಕೆ ಬರುತ್ತಿದ್ದ ರಬ್ಬರ್ ಬಹುತೇಕ ನಿಂತುಹೋಯಿತು. ಆಗ ತರಾತುರಿಯಲ್ಲಿ ಬೆಳೆದದ್ದೇ ಅಲ್ಲಿನ ಕೃತಕ ರಬ್ಬರ್ ಉದ್ಯಮ. ಗ್ವಾಯೂಲೆ ಎಂಬ ಪೊದೆ, ರಷ್ಯನ್ ದಂಡೇಲಿಯನ್ ಎಂಬ ಗಿಡದ ಬೇರುಗಳಿಂದಲೂ ರಬ್ಬರ್ ತೆಗೆಯುವ ಪ್ರಯತ್ನಗಳು ನಡೆದಿವೆ. ಆದರೆ ಅವು ಇನ್ನೂ ರಬ್ಬರ್ ಮರದ ಜಾಗ ತುಂಬಿಲ್ಲ.

ಭಾರತವೂ ತನಗೆ ಬೇಕಾದಷ್ಟು ರಬ್ಬರ್ ಬೆಳೆಯುವುದಿಲ್ಲ, ಕೊರತೆಯನ್ನು ಆಮದಿನಿಂದ ತುಂಬಿಕೊಳ್ಳುತ್ತದೆ. ಕೇರಳದಲ್ಲಿ, ದಕ್ಷಿಣ ಕನ್ನಡದ ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಬಿಸಿಲೇರುವ ಮುನ್ನವೇ ಟ್ಯಾಪಿಂಗ್ ಮಾಡುವವರು ಮರ ಕೆತ್ತಿ ಹಾಲಿಳಿಸುತ್ತಾರೆ. ಹೊತ್ತೇರಿದಂತೆ ಮರದೊಳಗಿನ ಒತ್ತಡ ಇಳಿದು ಹಾಲು ಕಡಿಮೆಯಾಗುವುದೇ ಈ ಅವಸರಕ್ಕೆ ಕಾರಣ. ತೊಗಟೆಯಿಂದ ಚಿಪ್ಪಿಗೆ ತೊಟ್ಟಿಕ್ಕುವ ಆ ಬಿಳಿ ಹಾಲಿನಲ್ಲಿರುವ ಸರಪಳಿಯನ್ನು ಅಷ್ಟೇ ಅಚ್ಚುಕಟ್ಟಾಗಿ ಹೆಣೆಯುವ ಕಾರ್ಖಾನೆ ಇನ್ನೂ ಬಂದಿಲ್ಲ.